ಬಿಸಿಲೇರುವ ಮೊದಲು ಧಾರೆ

ಜನವರಿ ತಿಂಗಳ ನಡುಮಧ್ಯಾಹ್ನ ಹಂಪನಕಟ್ಟೆಯ ಬಟ್ಟೆ ಅಂಗಡಿಯೊಂದಕ್ಕೆ ನುಗ್ಗಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ, "ದಪ್ಪದ ಸ್ವೆಟರ್ ಉಂಟಾ?" ಎಂದು ಕೇಳಿ ನೋಡಿ. ಸೇಲ್ಸ್‌ಮನ್ ನಿಮ್ಮನ್ನು ಹೇಗೆ ನೋಡುತ್ತಾನೆ ಎಂಬುದು ನನಗೆ ಗೊತ್ತು.

"ಅಕ್ಕ, ಜ್ವರ ಉಂಟಾ?"

"ಇಲ್ಲ ಮಾರಾಯ, ಮಗಳಿಗೆ ಮದುವೆ."

ಅವನ ಗೊಂದಲ ಇನ್ನಷ್ಟು ಹೆಚ್ಚಿತು. ಒಳಗೆ ಹೋಗಿ ಹುಡುಕಿ ಎರಡು ಸ್ವೆಟರ್ ತಂದ. ಒಂದರ ಮೇಲೆ ಬಾತುಕೋಳಿ ಇತ್ತು, ತೊಟ್ಟಿಲ ಮಗುವಿನದು. ಇನ್ನೊಂದು ಯಾವುದೋ ಶಾಲೆಯ ಯೂನಿಫಾರ್ಮ್. "ಅಕ್ಕ, ನಮ್ಮಲ್ಲಿ ಚಳಿ ಇರುವುದು ಎಸಿ ಬಸ್ಸಿನಲ್ಲಿ ಮಾತ್ರ. ಅದಕ್ಕೆ ಬೆಡ್‌ಶೀಟ್ ಸಾಕು" ಎಂದ.

ಅವನ ತಪ್ಪಲ್ಲ. ನಮ್ಮೂರಿಗೆ ಇರುವುದೇ ಎರಡು ಕಾಲ, ಮಳೆ ಮತ್ತು ಸೆಕೆ. ಡಿಸೆಂಬರಿನ ಬೆಳಿಗ್ಗೆ ನಂತೂರಿನಲ್ಲಿ ಬಸ್ಸಿಗೆ ನಿಂತವರು ಮಂಕಿಕ್ಯಾಪ್ ಹಾಕಿರುತ್ತಾರೆ, ನಿಜ. ಅದು ಚಳಿಯಾಗಿ ಅಲ್ಲ, ಚಳಿ ಬಂತಲ್ಲ ಎಂಬ ಸಂತೋಷಕ್ಕೆ.

ವಿಷಯ ಹೀಗೆ. ನಮ್ಮ ದೀಕ್ಷಾ ಉತ್ತರದ ಒಂದು ಆಸ್ಪತ್ರೆಯಲ್ಲಿ ಡಯಟೀಷಿಯನ್. ರೋಗಿಗಳಿಗೆ ಏನು ತಿನ್ನಬಾರದು ಎಂದು ಹೇಳುತ್ತಾ ಹೇಳುತ್ತಾ, ಹಿಮಾಚಲದ ಬೆಟ್ಟದೂರಿನ ಹುಡುಗನೊಬ್ಬನನ್ನು ಮೆಚ್ಚಿದಳು. ದನದ ಡಾಕ್ಟರ್. ಒಳ್ಳೆಯ ಹುಡುಗ. (ಮೀನು ತಿನ್ನುವುದಿಲ್ಲ. ಇರಲಿ, ಎಲ್ಲರಿಗೂ ಒಂದಲ್ಲ ಒಂದು ಕೊರತೆ.) ಹುಡುಗನ ಅಜ್ಜಿಗೆ ತುಂಬಾ ವಯಸ್ಸು, ಬೆಟ್ಟ ಇಳಿದು ಬರಲಾರರು. ಹಾಗಾಗಿ ಮದುವೆ ಅವರ ಮನೆಯಂಗಳದಲ್ಲಿ ಎಂದಾಯಿತು. ಧನುರ್ಮಾಸ ಮುಗಿದ ಮೇಲೆ ದಿನ ನೋಡಿದೆವು. ಅವರ ಶಾಸ್ತ್ರ ಮೊದಲ ದಿನ, ಮರುದಿನ ಬೆಳಿಗ್ಗೆ ನಮ್ಮ ಧಾರೆ.

ಧಾರೆ ಮಾತ್ರ ನಮ್ಮ ಕ್ರಮದಲ್ಲೇ, ಬಯಲಿನಲ್ಲೇ ಆಗಬೇಕು ಎಂದು ಹಠ ಹಿಡಿದವಳು ನಾನು. ನಮ್ಮೂರಿನ ಹಾಲ್‌ಗಳಲ್ಲಿ ಧಾರೆ ಎಂದರೆ ನನಗೆ ಕಂಡದ್ದು ವಿಡಿಯೋದವನ ಬೆನ್ನು ಮಾತ್ರ. ಅಂಗಳ, ಚಪ್ಪರ, ಮೇಲೆ ಆಕಾಶ. ಎಷ್ಟು ಚಂದ, ಅಲ್ಲವೇ? (ಆಕಾಶ ಚಂದವೇ ಇತ್ತು. ಸಮಸ್ಯೆ ಬಂದದ್ದು ಕೆಳಗಿನಿಂದ.)

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮವರಲ್ಲಿ ಹುಡುಗ ಹುಡುಗಿಯ ಕೈ ಜೋಡಿಸಿ ಅದರ ಮೇಲೆ ಹಿರಿಯರು ಚೆಂಬಿನಿಂದ ನೀರು ಎರೆದರೆ ಮದುವೆ ಆದ ಹಾಗೆ. ಉಳಿದದ್ದೆಲ್ಲ ಅಲಂಕಾರ. ಆ ನೀರು ನಡುವೆ ಕಡಿಯಬಾರದು. ನನಗೆ ಅಮ್ಮ ಎರೆದ ಧಾರೆ ನೂಲೆಳೆಯ ಹಾಗೆ ಬಿದ್ದಿತ್ತಂತೆ. ನನಗಿರುವುದು ಒಬ್ಬಳೇ ಮಗಳು. ನನ್ನ ಕೈ ನಡುಗಬಾರದು, ನೀರು ಕಡಿಯಬಾರದು. ಹೂವಿನ ಪೂಜೆ ಹೇಳಿಕೊಂಡು ನಾನು ದೇವಸ್ಥಾನದ ಅಮ್ಮನವರಲ್ಲಿ ಬೇಡಿದ್ದು ಇಷ್ಟೇ.

ಮುಹೂರ್ತದ ಪ್ರಶ್ನೆ ಬಂತು. ಜೋಯಿಸರು ಎರಡು ಕೊಟ್ಟರು. ಒಂದು ಬೆಳ್ಳಂಬೆಳಿಗ್ಗೆ, ಇನ್ನೊಂದು ನಡುಮಧ್ಯಾಹ್ನ. ಇಂಥದ್ದನ್ನು ತೀರ್ಮಾನಿಸುವವನು ನನ್ನ ಅಣ್ಣ. ನಮ್ಮವರಲ್ಲಿ ಹುಡುಗಿಯ ಸೋದರಮಾವನ ಮಾತು ಅಪ್ಪನ ಮಾತಿಗಿಂತ ಒಂದು ಮೆಟ್ಟಿಲು ಮೇಲೆ.

"ಬೆಳಿಗ್ಗೆಯದ್ದೇ ಇರಲಿ. ಬಿಸಿಲೇರುವ ಮೊದಲು ಮುಗಿಸುವ. ಜನ ಬೆವರುವುದು ಬೇಡ" ಎಂದ ಅಣ್ಣ.

ಎಲ್ಲರೂ ತಲೆಯಾಡಿಸಿದೆವು. ಹುಟ್ಟಿದಾಗಿನಿಂದ ಬೆವರಿದವರಿಗೆ ಬೇರೆ ಯೋಚನೆ ಬರುತ್ತದೆಯೇ? ಫೋನಿನಲ್ಲಿ ಬೀಗರಿಗೆ ಹೇಳಿದೆವು. "ಬಿಸಿಲು ಬರುವ ಮೊದಲೇ?" ಎಂದು ಅವರು ಎರಡೆರಡು ಸಲ ಕೇಳಿದರು. ನಮ್ಮ ಶಿಸ್ತು ಕಂಡು ಬೆರಗಾಗಿದ್ದಾರೆ ಎಂದುಕೊಂಡೆವು.

ಮತ್ತೆ ಬಂತು ಮಗಳ ಫೋನ್. "ಅಮ್ಮ, ಇಲ್ಲಿ ತುಂಬಾ ಚಳಿ. ಬೆಚ್ಚಗೆ ಹಾಕ್ಕೊಂಡು ಬನ್ನಿ. ಆದ್ರೆ ಮದುವೆಗೆ ಬಂದ ಹಾಗೆ ಕಾಣ್ಬೇಕು. ಮಂಕಿಕ್ಯಾಪ್ ಹಾಕಿದ್ರೆ ನಾನು ಮಂಟಪದಿಂದ ಎದ್ದು ಹೋಗ್ತೇನೆ!"

ಬೆಚ್ಚಗೂ ಇರಬೇಕು, ಚಂದವೂ ಕಾಣಬೇಕು. ಕಾಂಜೀವರಂ ಸೀರೆ ನೇಯ್ದವನಿಗೆ ಈ ಕಲ್ಪನೆ ಇತ್ತೇ? ಇದ್ದಿದ್ದರೆ ಹೊಟ್ಟೆಯ ಹತ್ತಿರ ಏನಾದರೂ ಏರ್ಪಾಡು ಮಾಡುತ್ತಿದ್ದ.

ಅಂಗಡಿಯಿಂದ ಬರಿಗೈಯಲ್ಲಿ ಬಂದವಳು ಪಕ್ಕದ ಮನೆಯ ಫಿಲೋಮಿನಾ ಬಾಯಿಯ ಬಾಗಿಲು ಬಡಿದೆ. ಅವರ ಮಗಳು ಕೆನಡಾದಲ್ಲಿ ನರ್ಸ್. ಬಾಯಿ ಎರಡು ಬಾಣಂತನ ಮುಗಿಸಿ ಬಂದವರು, ಹಿಮವನ್ನು ಕಣ್ಣಾರೆ ಕಂಡವರು.

"ಶೋಭಾ, ಮೇಲಿಂದ ಎಷ್ಟು ಹೊದ್ರೂ ಪ್ರಯೋಜನ ಇಲ್ಲ. ನೀನು ಪತ್ರೊಡೆ ಮಾಡುದಿಲ್ವಾ? ಎಲೆ ಮೇಲೆ ಎಲೆ ಇಟ್ಟು ಗಟ್ಟಿ ಸುತ್ತುದಿಲ್ವಾ? ಹಾಗೆ" ಎಂದರು.

"ನನ್ನನ್ನೂ ಹಬೆಯಲ್ಲಿ ಬೇಯಿಸುದಾ ಬಾಯಿ?"

"ಅಲ್ಲಿ ಹೋದ ಮೇಲೆ ನೀನೇ ಕೇಳ್ತಿ, ಬೇಯಿಸಿ ಅಂತ!"

ಬಾಯಿ ಟ್ರಂಕಿನಿಂದ ಥರ್ಮಲ್ ತೆಗೆದರು. ಚರ್ಮಕ್ಕೆ ಅಂಟುವ ಉದ್ದ ತೋಳಿನ ಬನಿಯನು, ಕೆಳಗೆ ಅದರದ್ದೇ ಪ್ಯಾಂಟು. ಬಣ್ಣ 'ಸ್ಕಿನ್ ಕಲರ್' ಅಂತೆ. ಯಾರ ಸ್ಕಿನ್ ಎಂದು ಮಾತ್ರ ಬರೆದಿರಲಿಲ್ಲ. ಹಾಕಿ ನೋಡಿದರೆ ಬ್ಲೌಸಿನ ಕೆಳಗಿನ ಹುಕ್ಕುಗಳು ಮುಷ್ಕರ ಹೂಡಿದವು. ಸೆರಗು ಇರುವುದು ಮತ್ತೆ ಯಾಕೆ? ಮೇಲಿನ ಹುಕ್ಕುಗಳಾದರೂ ಸಿಕ್ಕಿಕೊಂಡವಲ್ಲ, ದೇವರು ದೊಡ್ಡವನು.

ಸಾಕ್ಸಿನ ಚಿಂತೆ ಉಳಿಯಿತು. ಮಂಟಪಕ್ಕೆ ಚಪ್ಪಲಿ ಹಾಕಿಕೊಂಡು ಹತ್ತುವಂತಿಲ್ಲ. ಸಾಕ್ಸ್? ದೇವಸ್ಥಾನದ ಭಟ್ಟರನ್ನೇ ಕೇಳಿದೆ.

"ಸಾಕ್ಸ್ ಶಾಸ್ತ್ರದಲ್ಲಿ ಇಲ್ಲ" ಎಂದರು.

"ಅಂದ್ರೆ ಹಾಕಬಾರದಾ?"

"ಹಾಕಬಾರದು ಅಂತ್ಲೂ ಇಲ್ಲ ಅಮ್ಮ."

ಶಾಸ್ತ್ರ ಬರೆದವರು ಸಾಕ್ಸನ್ನು ಮರೆತದ್ದು ಎಷ್ಟು ದೊಡ್ಡ ಉಪಕಾರ ಎಂದು ನಿಮಗೆ ಗೊತ್ತಿಲ್ಲ.

ಇನ್ನು ನಮ್ಮವರು, ದೀಕ್ಷಾಳ ಅಪ್ಪ. ಅವರು ಯಾವ ಸಿದ್ಧತೆಯನ್ನೂ ಮಾಡಲಿಲ್ಲ. "ನನಗೆ ಎಂತ ಚಿಂತೆ? ಶಾಲು ಉಂಟಲ್ಲ!" ಎಂದರು.

ಉಂಟು. ಕಪಾಟಿನ ತುಂಬಾ ಉಂಟು. ಅವರು ಸ್ಪೋರ್ಟ್ಸ್ ಕ್ಲಬ್ಬಿಗೆ ಅಧ್ಯಕ್ಷರು, ಭಜನಾ ಮಂಡಳಿಗೆ ಗೌರವಾಧ್ಯಕ್ಷರು, ಇನ್ನೂ ಯಾವುದಕ್ಕೋ ಸಲಹೆಗಾರರು. ನಮ್ಮ ಜಿಲ್ಲೆಯಲ್ಲಿ ವೇದಿಕೆ ಹತ್ತಿದವನನ್ನು ಶಾಲು ಹೊದಿಸದೆ ಇಳಿಸುವ ಕ್ರಮವೇ ಇಲ್ಲ. ಜರಿಯಂಚು, ಫಳಫಳ ಹೊಳಪು, ಹೆಗಲ ಮೇಲಿಟ್ಟರೆ ಜಾರುವ ಗುಣ. ಇಟ್ಟುಕೊಳ್ಳಲು ಜಾಗವಿಲ್ಲದೆ ನಾನು ಒಂದನ್ನು ಫ್ರಿಜ್ಜಿನ ಮೇಲೆ ಹಾಸಿದ್ದೇನೆ, ಒಂದನ್ನು ಗ್ರೈಂಡರಿಗೆ ಹೊದಿಸಿದ್ದೇನೆ. ಆ ಗ್ರೈಂಡರ್‌ನಷ್ಟು ಸಮಾಜಸೇವೆ ಮಾಡಿದವರು ಎಷ್ಟು ಜನ ಇದ್ದಾರೆ ಹೇಳಿ?

ಸೂಟ್‌ಕೇಸಿನ ಅರ್ಧ ಭಾಗ ಶಾಲುಗಳೇ ಹೊರಟವು. ಹೊದೆಯಲು ಕೆಲವು, ಬೀಗರನ್ನು ಗೌರವಿಸಲು ಕೆಲವು.

ಬೆಟ್ಟದೂರಿನಲ್ಲಿ ಕಾರಿನಿಂದ ಇಳಿದವಳಿಗೆ ಮೊದಲು ಆದದ್ದು ಮೂಗು ಇಲ್ಲವೇನೋ ಎಂಬ ಅನುಮಾನ. ಮುಟ್ಟಿ ನೋಡಿದೆ. ಇತ್ತು. ಮಲ್ಲಿಗೆಯ ಚೆಂಡು ಬಾಳೆಯೆಲೆಯೊಳಗೆ ಗಟ್ಟಿಯಾಗಿ ಕಲ್ಲಿನ ಹಾಗಾಗಿತ್ತು. ಸಣ್ಣ ಜಗಳಕ್ಕೆ ಆಯುಧವಾಗಿ ಬಳಸಬಹುದಿತ್ತು.

ಬಾಗಿಲಲ್ಲೇ ಸ್ವಾಗತ. ಅವರಲ್ಲೂ ಶಾಲು ಹೊದಿಸುವ ಕ್ರಮ ಉಂಟಂತೆ! ಜೊತೆಗೆ ಬಣ್ಣದ ಪಟ್ಟಿಯ ಟೋಪಿ. ಬೀಗರು ನಮ್ಮವರ ಹೆಗಲಿಗೆ ಶಾಲು ಹಾಕಿದರು. ಉಣ್ಣೆಯದ್ದು, ದಪ್ಪದ್ದು, ಕುರಿಯ ವಾಸನೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಎಷ್ಟೋ ವೇದಿಕೆಗಳಲ್ಲಿ ಶಾಲು ಹೊದಿಸಿಕೊಂಡ ಮನುಷ್ಯ, ಮೊದಲ ಬಾರಿಗೆ ಅದನ್ನು ಮಡಚಿ ಕೈಗೆ ತೆಗೆದುಕೊಳ್ಳಲಿಲ್ಲ. ಎರಡೂ ಕೈಯಿಂದ ಕುತ್ತಿಗೆಯವರೆಗೆ ಎಳೆದುಕೊಂಡರು.

ಆಮೇಲೆ ಪ್ರತಿಗೌರವ. ನಮ್ಮವರು ಹುಡುಗನ ಅಜ್ಜಿಗೆ ಇದ್ದುದರಲ್ಲಿ ಹೊಳೆಯುವ ಶಾಲನ್ನು ಹೊದಿಸಿದರು. ಅಜ್ಜಿ ಅದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಬೆಳಕಿಗೆ ಹಿಡಿದು, ದೀಕ್ಷಾಳ ಕಿವಿಯಲ್ಲಿ ಏನೋ ಕೇಳಿದರು. ಅವಳು ನಕ್ಕು ನಕ್ಕು ಬಾಗಿದಳು.

"ಎಂತ ಹೇಳಿದ್ರು ಹೇಳು ಮಾರಾಯ್ತಿ" ಎಂದೆ.

"ಅಮ್ಮ, ರಜಾಯಿಯ ಕವರ್ ಚಂದ ಉಂಟಂತೆ. ಒಳಗೆ ಹತ್ತಿ ಯಾವಾಗ ತುಂಬಿಸ್ತೀರಿ ಅಂತ ಕೇಳ್ತಿದ್ದಾರೆ."

ಯಾರಿಗೆ ಸಿಟ್ಟು ಬರುತ್ತದೆ? ನಮ್ಮ ಜಿಲ್ಲೆಯ ಸಮಸ್ತ ಸನ್ಮಾನಗಳಿಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನಂತೂ ಕೇಳಿಲ್ಲ.

ಅವರ ಶಾಸ್ತ್ರ ಆ ದಿನವೇ ಮುಗಿಯಿತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ಹುಲ್ಲಿನ ಮೇಲೆ ಯಾರೋ ರವೆ ಚೆಲ್ಲಿದ ಹಾಗೆ ಬೆಳ್ಳಗೆ. ಊರಿನವರೆಲ್ಲ ಬಿಸಿಲು ಬರುವವರೆಗೆ ಒಲೆ ಬಿಟ್ಟು ಏಳುವುದಿಲ್ಲವಂತೆ. ನಾವು ಬಿಸಿಲು ತಪ್ಪಿಸಿಕೊಳ್ಳಲು ಬಂದು ನಿಂತಿದ್ದೆವು!

ನಾನು ಒಳಗೆ ಪತ್ರೊಡೆ, ಹೊರಗೆ ಕಾಂಜೀವರಂ. ಕಾಲಿಗೆ ಸೀರೆಯ ಅಂಚಿನ ಬಣ್ಣದ ಸಾಕ್ಸ್. ಅಣ್ಣ ಬಿಳಿ ಪಂಚೆ, ಬಿಳಿ ಅಂಗಿ. ಗಾಳಿ ಬೀಸಿದಾಗ ಪಂಚೆ ಹಾರಿ, ಕೆಳಗಿನ ಕಪ್ಪು ಥರ್ಮಲ್ ಎಲ್ಲರಿಗೂ ದರ್ಶನ ಕೊಟ್ಟಿತು. "ದೇವೆರೇ, ಎಂಚಿನ ಚಳಿ ಮಾರಾಯ್ರೆ" ಎಂದು ತುಳುವಿನಲ್ಲಿ ನರಳುತ್ತಾ ಸೋದರಮಾವನ ಗಾಂಭೀರ್ಯವನ್ನು ಹೇಗೋ ಹಿಡಿದುಕೊಂಡಿದ್ದ.

ದೀಕ್ಷಾ ಮತ್ತು ಅಳಿಯ ಮಂಟಪದಲ್ಲಿ ಕೈ ಜೋಡಿಸಿದರು. ಅವಳ ಬೆರಳ ತುದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಧಾರೆಯ ಚೆಂಬನ್ನು ಅಣ್ಣ ಹಿಂದಿನ ಸಂಜೆಯೇ ತುಂಬಿಸಿ, ಮಾವಿನೆಲೆ ಇಟ್ಟು, ಮಂಟಪದಲ್ಲಿ ಸಿದ್ಧ ಮಾಡಿಟ್ಟಿದ್ದ. ಊರಲ್ಲಿ ಹಾಗೇ ಮಾಡುವುದಲ್ಲವೇ? ಕೊನೆಗಳಿಗೆಯಲ್ಲಿ ಓಡಾಟ ಬೇಡ ಎಂದು.

ಅಮ್ಮನವರನ್ನು ನೆನೆದೆ. ಕೈ ನಡುಗಲಿಲ್ಲ. ಚೆಂಬು ಬಗ್ಗಿಸಿದೆ.

ನೀರು ಬೀಳಲಿಲ್ಲ.

ಇನ್ನಷ್ಟು ಬಗ್ಗಿಸಿದೆ. ಮಾವಿನೆಲೆಯೂ ಅಲುಗಲಿಲ್ಲ. ಚೆಂಬಿನ ಬಾಯಿಗೆ ಮಂಜುಗಡ್ಡೆಯ ಮುಚ್ಚಳ ಬಿದ್ದಿತ್ತು, ಎಲೆ ಅದರೊಳಗೆ ಸಿಕ್ಕಿಕೊಂಡಿತ್ತು.

ನಮ್ಮ ಕಡೆಯ ಹೆಂಗಸರಿಂದ "ಅಯ್ಯೋ" ಎಂಬ ಸಣ್ಣ ಸ್ವರ ಬಂತು. ನೀರು ಕಡಿಯಬಾರದು ಎಂದು ಬೇಡಿಕೊಂಡವಳು ನಾನು. ಹೊರಡುವುದೇ ಇಲ್ಲ ಎಂದಾದರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ದೇವರನ್ನು ನಂಬಿದವಳು, ಶಕುನವನ್ನೂ ಸ್ವಲ್ಪ ನಂಬಿದವಳು. ದೀಕ್ಷಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಮ್ಮ, ಎಂತಾಯ್ತು?" ಎಂದು ಪಿಸುಗುಟ್ಟಿದಳು. ಅತ್ತ ಮುಹೂರ್ತ ಜಾರುತ್ತಿತ್ತು.

ಆಗ ಎದ್ದರು ಅಜ್ಜಿ. ಒಲೆಯ ಮೇಲಿದ್ದ ಕೆಟಲನ್ನು ಹಿಡಿದು ಸೀದಾ ಮಂಟಪಕ್ಕೆ ಬಂದರು.

ಅಣ್ಣ ಅಡ್ಡ ಬಂದ. "ಧಾರೆಗೆ ಕಾಯಿಸಿದ ನೀರಾ? ಇದೆಂತ ಬಾಣಂತಿ ಸ್ನಾನವಾ? ನಮ್ಮ ಕ್ರಮದಲ್ಲಿ ಇಲ್ಲ ಶೋಭಾ!"

ಹಲ್ಲು ಕಟಕಟಿಸುತ್ತಾ ಅವನು ಹೇಳಿದ್ದರಿಂದ 'ಕ್ರಮ' ಎಂಬ ಶಬ್ದ ಮೂರು ತುಂಡಾಗಿ ಬಂತು.

ನಾನು ಅಜ್ಜಿಯನ್ನು ನೋಡಿದೆ. ಮಗಳ ನೇರಳೆ ಬೆರಳನ್ನು ನೋಡಿದೆ. ಅಣ್ಣನ ಮಾತನ್ನು ನಾನು ಇದುವರೆಗೆ ಮೀರಿದವಳಲ್ಲ.

"ಕ್ರಮದಲ್ಲಿ ನೀರು ಅಂತ ಉಂಟು. ತಣ್ಣೀರು ಅಂತ ಎಲ್ಲಿ ಉಂಟಣ್ಣ?" ಎಂದೆ. "ಮೊದಲು ನಿನ್ನ ಥರ್ಮಲ್ ಯಾವ ಕ್ರಮದ್ದು ಹೇಳು."

ಬೀಗರ ಕಡೆಯವರಿಗೆ ಕನ್ನಡ ಬಾರದು. ಆದರೂ ಅವರು ನಕ್ಕರು. ಅಣ್ಣ ಪಂಚೆ ಸರಿಮಾಡಿಕೊಂಡು ಪಕ್ಕಕ್ಕೆ ಸರಿದ.

ಅಜ್ಜಿ ಕೆಟಲಿನಿಂದ ಚೆಂಬಿಗೆ ಹದವಾಗಿ ಸುರಿದರು. ಟಕ್ ಎಂದು ಮಂಜುಗಡ್ಡೆ ಬಿರಿಯಿತು. ಬೆರಳದ್ದಿ ನೋಡಿದೆ. ಮಗುವಿನ ಸ್ನಾನದ ನೀರಿನಷ್ಟೇ ಬೆಚ್ಚಗೆ. ಬಗ್ಗಿಸಿದೆ. ಬಿತ್ತು. ನೂಲೆಳೆಯ ಹಾಗೆ, ಕಡಿಯದೆ, ಮಗಳ ಕೈಮೇಲಿಂದ ಅಳಿಯನ ಕೈಗೆ. ಇಬ್ಬರ ಬೆರಳುಗಳ ನಡುವಿನಿಂದ ಹಬೆ ಎದ್ದಿತು, ಧೂಪದ ಹಾಗೆ. ದೀಕ್ಷಾ "ಹಾ..." ಎಂದಳು. ಧಾರೆಯ ಹೊತ್ತಿಗೆ ಹೆಣ್ಣು ಅಳುವುದನ್ನು ಕಂಡಿದ್ದೇನೆ. ಇಷ್ಟು ಸುಖಪಟ್ಟದ್ದನ್ನು ಕಂಡದ್ದು ಇದೇ ಮೊದಲು.

ಕಣ್ಣೊರೆಸಿಕೊಂಡು ತಿರುಗಿದರೆ ಹಿಂದೆ ಉದ್ದದ ಸಾಲು! ಚೆಂಬು ಬೆಚ್ಚಗಿದೆ ಎಂಬ ಸುದ್ದಿ ಹಬ್ಬಿತ್ತು. ನಮ್ಮವರು ಎರೆದರು, ಅಣ್ಣ ಎರೆದ, ಬೀಗರು ಎರೆದರು. ಎರೆದವರೆಲ್ಲ ಚೆಂಬನ್ನು ಕೈಯಿಂದ ಬಿಡಲು ಒಪ್ಪಲಿಲ್ಲ. ಕೆಲವರು ಸುತ್ತು ಹೊಡೆದು ಮತ್ತೆ ಸಾಲಿಗೆ ಬಂದರು. ಅಣ್ಣನನ್ನೇ ನಾನು ಎರಡನೆಯ ಸಲ ಹಿಡಿದೆ. "ಸೋದರಮಾವನಿಗೆ ಹಕ್ಕು ಉಂಟು" ಎಂದ. ಅಜ್ಜಿ ಕೆಟಲ್ ತುಂಬಿಸಿ ತುಂಬಿಸಿ ತಂದರು. ನನ್ನ ಮಗಳಷ್ಟು ಗಟ್ಟಿಯಾಗಿ ಧಾರೆ ಎರೆಸಿಕೊಂಡ ಹೆಣ್ಣು ನಮ್ಮ ಕುಟುಂಬದಲ್ಲೇ ಇಲ್ಲ. ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, ಊಟ ಎಲ್ಲಿ ಎಂದು ಕೇಳಲಿಲ್ಲ.

ಮೊನ್ನೆ ಇಲ್ಲಿ ಒಂದು ಮದುವೆಗೆ ಹೋಗಿದ್ದೆ. ಧಾರೆಗೆ ಚೆಂಬು ಎತ್ತುವ ಹೊತ್ತಿಗೆ ಕುರ್ಚಿಗಳೆಲ್ಲ ಖಾಲಿ, ಜನರೆಲ್ಲ ಕೆಳಗೆ ಊಟದ ಬಾಗಿಲಲ್ಲಿ. ಮದುವೆ ಹಾಲ್‌ನವರೇ, ನಿಮ್ಮ ಎಸಿಯನ್ನು ಇನ್ನೊಂದಿಷ್ಟು ಜೋರು ಮಾಡಿ, ಧಾರೆಯ ಚೆಂಬಿಗೆ ಬಿಸಿನೀರು ತುಂಬಿಸಿ ನೋಡುವಿರಾ?