ರೋಹಿಣಿಗೊಂದು ಪಿಸ್ತೂಲು

"ಆಂಟಿ, ನೈಟಿ ಹಾಕ್ಕೊಂಡಾಗ ಇದನ್ನ ಎಲ್ಲಿ ಇಟ್ಕೋಬೇಕ್ರಿ?"

ಡಲ್ಲಾಸ್ ಹೊರವಲಯದ ಗನ್ ಅಂಗಡಿಯಲ್ಲಿ, ಗಾಜಿನ ಕೌಂಟರ್ ಮುಂದೆ ನಿಂತು ರೋಹಿಣಿ ಹೀಗೆ ಕೇಳಿದಾಗ ನಾನು ನಕ್ಕುಬಿಟ್ಟೆ. ನೈಟಿಗೆ ಬೆಲ್ಟ್ ಎಲ್ಲಿಂದ ಬರಬೇಕು? ನಗು ಅರ್ಧಕ್ಕೇ ನಿಂತಿತು. ಅವಳು ನಗುತ್ತಿರಲಿಲ್ಲ.

(ಹೆಸರು ಬದಲಿಸಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಡಲ್ಲಾಸ್ ಪಕ್ಕದ ಮರ್ಫಿ ಊರಿನ ನಮ್ಮ ಬೀದಿಯಲ್ಲಿ ಒಂದು ಮನೆಗೆ ಕಳ್ಳರು ನುಗ್ಗಿದ ಮೇಲೆ ನಾನು ಗನ್ ಹಿಡಿಯಲು ಕಲಿತದ್ದನ್ನು ಇದೇ ಅಂಕಣದಲ್ಲಿ ಬರೆದಿದ್ದೆ. ನಿಮ್ಮಲ್ಲಿ ಕೆಲವರು ಬೈದಿರಿ. ಆದರೆ ಅಂದಿನಿಂದ ಹೆಂಗಸರು ಸದ್ದಿಲ್ಲದೆ ಫೋನ್ ಮಾಡತೊಡಗಿದರು. ಯಾವುದು ತಗೊಳ್ಳಲಿ? ಎಲ್ಲಿ ಕಲಿಯಲಿ? ಮನೆಯಲ್ಲಿ ಮಕ್ಕಳಿದ್ದಾರೆ, ಏನು ಮಾಡಲಿ?

ರೋಹಿಣಿಯೂ ಹಾಗೆಯೇ ಕರೆ ಮಾಡಿದವಳು. ಧಾರವಾಡದ ಹುಡುಗಿ. ಹುಡುಗಿ ಅಂತ ನಾನು ಅನ್ನುವುದು, ಒಂಬತ್ತು ವರ್ಷದ ಮಗಳಿದ್ದಾಳೆ. ಗಂಡ ಸಾಫ್ಟ್‌ವೇರ್‌ನಲ್ಲಿ. ಇವಳು ರಿಯಲ್ ಎಸ್ಟೇಟ್ ಏಜೆಂಟ್. ಖಾಲಿ ಮನೆಗಳ ಬೀಗ ತೆಗೆದು ಅಪರಿಚಿತರಿಗೆ ತೋರಿಸುವ ಕೆಲಸ. ಭಯ ಸಹಜವೇ ಅಂದುಕೊಂಡೆ. ಗಂಡ ಆಸ್ಟಿನ್ ಆಫೀಸಿಗೆ ಹೋಗುವ ದಿನವೇ ಅಂಗಡಿಗೆ ಹೋಗೋಣ ಎಂದಾಗಲೂ ಏನೂ ಅನ್ನಿಸಲಿಲ್ಲ. ಗಂಡಂದಿರಿಗೆ ಹೇಳದೆ ನಾವು ಕೊಳ್ಳುವ ಸಾಮಾನು ಒಂದೇ ಎರಡೇ?

ಕೌಂಟರ್ ಹಿಂದಿನ ಬಿಳಿ ಗಡ್ಡದ ಮನುಷ್ಯ ಮೊದಲು ಅಂಗೈಯಲ್ಲಿ ಮುಚ್ಚಿಹೋಗುವ ಪುಟ್ಟ ಪಿಸ್ತೂಲು ತೆಗೆದಿಟ್ಟ. "ಲೇಡೀಸ್‌ಗೆ ಇದೇ ಪಾಪ್ಯುಲರ್" ಎಂದ. (ಎಲ್ಲರೂ ಬೀಳುವುದು ಇಲ್ಲೇ. ಗನ್ ಸಣ್ಣದಾದಷ್ಟೂ, ಹಗುರಾದಷ್ಟೂ ಹಾರಿಸಿದಾಗ ಕೈಗೆ ಬೀಳುವ ಒದೆತ ಜೋರು. ಒಂದು ಸಲ ಹಾರಿಸಿದವರು ಮತ್ತೆ ಮುಟ್ಟುವುದಿಲ್ಲ.) ಸ್ವಲ್ಪ ದೊಡ್ಡದನ್ನು ಕೇಳಿದೆ. ಒಳಗೆ ಗುಂಡಿಲ್ಲವೆಂದು ಅವನೂ ನೋಡಿದ, ನಾನೂ ನೋಡಿದೆ. ಆಮೇಲೆ ಅವಳ ಕೈಗೆ ಕೊಟ್ಟೆ. ಹಿಡಿ ಸರಿಯಾಗಿ ಕೂತಿತು. "ಈಗ ಮೇಲಿನ ಸ್ಲೈಡ್ ಹಿಂದಕ್ಕೆ ಎಳಿ."

ಎಳೆಯಲಾಗಲಿಲ್ಲ. ಎಡ ಮಣಿಕಟ್ಟು ಒಂದು ಹಂತದ ಮೇಲೆ ತಿರುಗಲೇ ಇಲ್ಲ.

"ಕೈಗೆ ಏನಾಯ್ತು?"

"ಮುರಿದಿತ್ರಿ. ಸರಿ ಕೂಡಲಿಲ್ಲ."

ಇರಲಿ, ಇದಕ್ಕಿಂತ ಸಲೀಸಾಗಿ ಎಳೆಯಬಹುದಾದದ್ದೂ ಸಿಗುತ್ತದೆ. ನಾನು ಮಾಮೂಲಿ ಪ್ರಶ್ನೆಗೆ ಬಂದೆ. ಕೆಲಸಕ್ಕೆ ಏನು ಹಾಕಿಕೊಳ್ಳುತ್ತೀ? ಪ್ಯಾಂಟ್? ಕುರ್ತಾ? ಬಟ್ಟೆ ನೋಡಿಯೇ ಹೋಲ್‌ಸ್ಟರ್, ಅಂದರೆ ಗನ್ ಇಡುವ ಒರೆ, ಆರಿಸಬೇಕು; ಅದು ಮೈಗೆ ಅಂಟಿಕೊಂಡಿರಬೇಕು.

ಆಗಲೇ ಅವಳು ನೈಟಿಯ ಮಾತೆತ್ತಿದ್ದು.

"ಮನೆಯಲ್ಲಿ ಯಾಕೆ ಬೇಕು? ಮನೆಗೆ ಬಂದ ತಕ್ಷಣ ತೆಗೆದು ಸೇಫ್‌ನಲ್ಲಿಟ್ಟು ಬೀಗ ಹಾಕ್ಬೇಕು."

"ನಮ್ಮನಿಯಾಗ ಎಲ್ಲಾದರ ಕೋಡೂ ಅವರಿಗೆ ಗೊತ್ತದ. ನನ್ನ ಫೋನಿಂದೂ."

ನನಗೆ ತಟ್ಟನೆ ಅರ್ಥವಾಯಿತು. ಖಾಲಿ ಮನೆಗಳಲ್ಲಿ ಸಿಗುವ ಅಪರಿಚಿತರ ಭಯವಲ್ಲ ಇದು.

ಗಡ್ಡದ ಮನುಷ್ಯನಿಗೆ ಕನ್ನಡ ಬಾರದು. ಆದರೂ ನಮ್ಮಿಬ್ಬರ ಮುಖ ನೋಡಿ ಪಿಸ್ತೂಲುಗಳನ್ನು ಒಂದೊಂದಾಗಿ ಗಾಜಿನ ಕೆಳಗೆ ವಾಪಸ್ ಇಟ್ಟ. "ಅವಸರವಿಲ್ಲ, ಮ್ಯಾಮ್" ಎಂದ ಇಂಗ್ಲಿಷಿನಲ್ಲಿ.

ಕಾರಿನಲ್ಲಿ ಕೂತೆವು. ಬಿಸಿಲಿಗೆ ಸೀಟು ಸುಡುತ್ತಿತ್ತು. ಎಸಿ ಹಾಕಿದೆ, ಗಾಡಿ ಹೊರಡಿಸಲಿಲ್ಲ.

"ಅವನ ಮೇಲೆ ಗುಂಡು ಹಾರಿಸ್ತೀಯಾ?" ನೇರವಾಗಿಯೇ ಕೇಳಿದೆ.

"ಇಲ್ರಿ ಆಂಟಿ! ತೋರ್ಸಿದ್ರ ಸಾಕು, ಹಿಂದ ಸರೀತಾರ ಅನ್ಕೊಂಡೆ."

ನನಗೆ ಕಲಿಸಿದವರು ಹೇಳಿದ ಮೊದಲ ಮಾತೇ ಇದು: ಹೆದರಿಸುವುದಕ್ಕೆಂದು ಗನ್ ತೆಗೆಯಬೇಡ. "ಅವನು ಕಿತ್ಕೊಂಡ್ರೆ?"

ಅವಳು ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡಳು.

"ಒಮ್ಮೆ ಅಡಿಗಿಮನ್ಯಾಗ ಚಾಕು ಹಿಡ್ಕೊಂಡು ನಿಂತಿದ್ದೆ. ಕಸ್ಕೊಂಡ್ರು. ಕೈ ಮುರಿದಿದ್ದು ಆವತ್ತ."

ಮಗಳು? ಅವಳೂ ಅಲ್ಲೇ ಇದ್ದಳಂತೆ.

ಓದುಗರೇ, ಗನ್ ಬಗ್ಗೆ ನಾನು ನಿಮ್ಮೊಡನೆ ಎಷ್ಟೇ ವಾದ ಮಾಡಿರಬಹುದು. ಆದರೆ ಆ ಮನೆಯೊಳಗೆ ಗನ್ ಹೋದರೆ ಅದು ರೋಹಿಣಿಯ ಗನ್ ಆಗಿ ಉಳಿಯುತ್ತಿತ್ತೇ? ಎಷ್ಟು ದಿನ? "ಇವತ್ತು ನಿನಗೆ ಪಿಸ್ತೂಲು ಕೊಡಿಸಲ್ಲ. ಆ ಮನೆಯಿಂದ ಹೊರಗೆ ಬರ್ತೀಯಾ?" ಎಂದೆ.

"ಎಲ್ಲಿಗೆ ಹೋಗ್ಲಿರಿ?"

ಹ್ಯೂಸ್ಟನ್‌ನಲ್ಲಿ ಅವಳ ಚಿಕ್ಕಮ್ಮನ ಮಗಳು ಇದ್ದಳು. ಗಂಡನಿಗೆ ಇಷ್ಟವಿಲ್ಲವೆಂದು ಮಾತೇ ಬಿಟ್ಟುಹೋಗಿತ್ತು. ನನ್ನ ಫೋನಿನಿಂದಲೇ ಕರೆ ಮಾಡಿದಳು. ಆ ಕಡೆಯ ಹೆಣ್ಣು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. "ಇವತ್ತೇ ಬಾರವ್ವಾ" ಎಂದಳು, ಅಷ್ಟೆ.

ಅವನು ಮುಂದಿನ ಸಲ ಆಸ್ಟಿನ್‌ಗೆ ಹೋಗುವವರೆಗೆ ಕಾಯುವುದು ಬೇಡವೆಂದೆ. ಶಾಲೆಗೆ ಹೋಗಿ ಮಗುವನ್ನು ಕರೆದುಕೊಂಡೆವು. ಮನೆಯಿಂದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಎರಡು ಜೊತೆ ಬಟ್ಟೆ. ಅವಳ ಫೋನ್ ಅಡಿಗೆಮನೆಯ ಕಟ್ಟೆಯ ಮೇಲೆಯೇ ಉಳಿಯಿತು. ಹ್ಯೂಸ್ಟನ್‌ವರೆಗೆ ನಾನೇ ಡ್ರೈವ್ ಮಾಡಿದೆ.

ದಾರಿಯಲ್ಲಿ ಮಗು ಕೇಳಿತು: "ಅಮ್ಮಾ, ಆರ್ ವಿ ಗೋಯಿಂಗ್ ಬ್ಯಾಕ್?"

"ನೋಡೋಣ ಪುಟ್ಟಿ."

"ಡೋಂಟ್ ಸೇ ನೋಡೋಣ. ಸೇ ನೋ."

ರೋಹಿಣಿ ಹಿಂದಕ್ಕೆ ಕೈ ಚಾಚಿ ಮಗಳ ಪಾದ ಹಿಡಿದುಕೊಂಡಳು. "ನೋ" ಎಂದಳು. ನನ್ನ ಕಣ್ಣು ರಸ್ತೆಯ ಮೇಲಿರಬೇಕಿತ್ತು. ಕಷ್ಟವಾಯಿತು.

ಆಮೇಲಿನದು ನಿಧಾನದ ಕೆಲಸ. ವಕೀಲರು, ಕೋರ್ಟು. ಅವಳ ಹತ್ತಿರ ಸುಳಿಯಬಾರದು, ಬಂದೂಕು ಇಟ್ಟುಕೊಳ್ಳಬಾರದು ಎಂದು ಅವನಿಗೆ ಆದೇಶವಾಯಿತು. ಇವಳು ಕೆಲಸ ಹುಡುಕಿಕೊಂಡಳು, ಅಪಾರ್ಟ್‌ಮೆಂಟ್ ಮಾಡಿದಳು. ಮಗಳು ಹೊಸ ಶಾಲೆಗೆ ಹೊಂದಿಕೊಂಡಳು.

ಆದರೂ ಅವನು ಬಂದ. ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್ ರಸ್ತೆಯ ಅಂಗಡಿಯಿಂದ ದಿನಸಿ ತೆಗೆದುಕೊಂಡು ಹೊರಬಂದರೆ, ಅವಳ ಕಾರಿಗೆ ಒರಗಿಕೊಂಡು ನಿಂತಿದ್ದ. ಬೈಯಲಿಲ್ಲ, ಹೊಡೆಯಲಿಲ್ಲ. ಸುಮ್ಮನೆ ನಕ್ಕ. ಪೊಲೀಸರು ಬರುವಷ್ಟರಲ್ಲಿ ಹೊರಟುಹೋಗಿದ್ದ.

ಆ ಸಂಜೆಯೇ ಫೋನ್ ಬಂತು. "ಈಗ ಕೊಡಸ್ತೀರೇನ್ರಿ ಆಂಟಿ?"

ಹೋದೆ. ಈ ಸಲ ಅವಸರ ಮಾಡಲಿಲ್ಲ. ಮೊದಲು ಕಲಿಕೆ, ಆಮೇಲೆ ಕೊಳ್ಳುವುದು. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜ್‌ನಲ್ಲಿ ಬಾಡಿಗೆಯ ಪಿಸ್ತೂಲುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಮೊದಲ ಗುಂಡಿಗೆ ಬೆಚ್ಚಿ ಅತ್ತಳು. ಕಲಿಸುವಾಕೆ ಅಳಲು ಬಿಟ್ಟಳು, ಆಮೇಲೆ ಮತ್ತೆ ನಿಲ್ಲಿಸಿದಳು. ಕೊನೆಗೆ ಆರಿಸಿದ್ದು ತುಸು ಭಾರದ, ಮುರಿದ ಕೈಗೂ ಸ್ಲೈಡ್ ಬಗ್ಗುವಂಥ ಒಂದು. ಸೊಂಟಕ್ಕೆ ಕಟ್ಟುವ, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್. ಮನೆಗೊಂದು ಪುಟ್ಟ ಸೇಫ್. ಅದರ ಕೋಡ್ ನನಗೂ ಹೇಳಬೇಡ ಎಂದೆ.

ಆಮೇಲೆ ಹ್ಯೂಸ್ಟನ್‌ನಲ್ಲಿ ನಮ್ಮ ದೇಶದವರ ಅಂಗಡಿಗಳೇ ತುಂಬಿರುವ ಗಾಂಧಿ ಡಿಸ್ಟ್ರಿಕ್ಟ್‌ನ ಬಟ್ಟೆ ಅಂಗಡಿಗೆ ಹೋದೆವು. ಗನ್ ಎದ್ದು ಕಾಣದಂಥ ಕುರ್ತಾ ಬೇಕಿತ್ತಲ್ಲ? (ಹೌದು, ಮಹಾತ್ಮನ ಹೆಸರಿನ ಬಡಾವಣೆಯಲ್ಲೇ. ನನಗೂ ಚುಚ್ಚಿತು.) "ಒಂದು ಸೈಜ್ ಕಮ್ಮಿ ತಗೊಳ್ಳಿ, ಚೆನ್ನಾಗಿ ಕಾಣ್ತೀರಿ" ಎಂದಳು ಅಂಗಡಿಯಾಕೆ ಹಿಂದಿಯಲ್ಲಿ.

"ದೊಡ್ಡದೇ ಇರಲಿ" ಎಂದಳು ರೋಹಿಣಿ.

ನಮಗಿಬ್ಬರಿಗೂ ಖುಷಿಯಾಗಲಿಲ್ಲ. ಗನ್ ಕೊಂಡ ದಿನ ಖುಷಿಪಡುವವರನ್ನು ಕಂಡರೆ ನನಗೆ ಇವತ್ತಿಗೂ ಭಯ. ಆದರೆ ಈಗ ರೋಹಿಣಿ ಪಾರ್ಕಿಂಗ್ ಲಾಟ್‌ನಲ್ಲಿ ತಲೆಯೆತ್ತಿ ನಡೆಯುತ್ತಾಳಂತೆ. ಅದನ್ನು ಸೊಂಟದಿಂದ ತೆಗೆಯುವ ದಿನ ಬಾರದಿರಲಿ ಎಂದು ದಿನವೂ ಬೇಡಿಕೊಳ್ಳುತ್ತಾಳಂತೆ. ನಾನೂ.

ಮೊನ್ನೆ ಡಲ್ಲಾಸ್‌ನಲ್ಲಿ ನಮ್ಮವರ ಹಬ್ಬದೂಟ. ಎಲೆ ಮುಂದೆ ಕೂತ ನನ್ನನ್ನು ಒಬ್ಬೊಬ್ಬರೇ ಕೇಳಿದರು. ನೀವೇ ಕರ್ಕೊಂಡು ಹೋದ್ರಂತೆ? ಅವಳ ಕೈಗೆ ಗನ್ ಕೊಡಿಸಿದ್ರಂತೆ? ಸಂಸಾರ ಅಂದ್ಮೇಲೆ ಇದ್ದದ್ದೇ ಅಲ್ವಾ? ಮಗು ಗತಿ ಏನು? ಅವಳ ಗಂಡನೂ ಅಲ್ಲೇ ಇದ್ದ, ಪಂಚೆ ಉಟ್ಟು ಪಾಯಸ ಬಡಿಸುತ್ತಿದ್ದ. ಎಲ್ಲರೂ ಅವನ ಬೆನ್ನು ತಟ್ಟಿ ಮಾತಾಡಿಸುತ್ತಿದ್ದರು.

ನನ್ನನ್ನು ಇಷ್ಟೆಲ್ಲ ಕೇಳುವ ನೀವು, ಅವನನ್ನು ಒಂದಾದರೂ ಪ್ರಶ್ನೆ ಕೇಳಿದ್ದೀರಾ?