ಫೋಟೋ ಬೇಕಾ ಎಂದಷ್ಟೇ ಕೇಳಿದ ಮೋಹನ

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮಾನ್ಯ ಮೊಬೈಲ್ಸ್ ಎಲ್ಲಿ ಎಂದು ಕೇಳಿ ನೋಡಿ, ಜನ ತಲೆ ಕೆರೆದುಕೊಳ್ಳುತ್ತಾರೆ. ಆ್ಯಪ್ ಮೋಹನನ ಅಂಗಡಿ ಅನ್ನಿ, ಹೂ ಕಟ್ಟುತ್ತ ಕೂತವರೂ ಕತ್ತೆತ್ತದೆ ಕೈ ತೋರಿಸುತ್ತಾರೆ. ಬೋರ್ಡಿನ ಮೇಲಿರುವುದು ಮಗಳ ಹೆಸರು, ಜನರ ಬಾಯಲ್ಲಿ ಉಳಿದದ್ದು ಅಪ್ಪನ ಕಸುಬು. ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕಾದ ಆ ಗೂಡಂಗಡಿಯಲ್ಲಿ ಮೋಹನ್‌ಕುಮಾರ್ ಹದಿನೆಂಟು ವರ್ಷದಿಂದ ಕೂತಿದ್ದಾನೆ. ಮೊದಮೊದಲು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದ. ಹಾಡುಗಳು ನೆಟ್ಟಿನಲ್ಲಿ ತಾವೇ ಮನೆಮನೆಗೆ ಬರತೊಡಗಿದ ಮೇಲೆ ಆ ದಂಧೆ ಮಕಾಡೆ ಮಲಗಿತು. ಆಮೇಲೆ ಹಿಡಿದದ್ದು ಹೊರಗಿನ ಆ್ಯಪುಗಳನ್ನು.

ಹೊರಗಿನ ಆ್ಯಪು ಎಂದರೆ ಪ್ಲೇ ಸ್ಟೋರಿನಲ್ಲಿ ಸಿಗದ್ದು. ಅಲ್ಲಿಗೆ ಯಾವತ್ತೂ ಕಾಲಿಡದ್ದು, ಅಲ್ಲಿಂದ ಎತ್ತಿಹಾಕಿಸಿಕೊಂಡದ್ದು, ಹಳೇ ಫೋನಿಗೆ ಒಗ್ಗುವ ಹಳೇ ಆವೃತ್ತಿಯದ್ದು. ಮೋಹನನ ಲ್ಯಾಪ್‌ಟಾಪಿನಲ್ಲಿ ಇಂಥ ಫೈಲುಗಳು ನೂರಾರು. ವೈರು ಚುಚ್ಚಿ ಫೈಲು ಕಳಿಸಿ ಒತ್ತಿದರೆ, ಇದರಿಂದ ನಿಮ್ಮ ಫೋನಿಗೆ ಹಾನಿಯಾಗಬಹುದು ಎಂದು ಫೋನು ಬಡಿದುಕೊಳ್ಳುತ್ತದೆ. "ನೀನ್ ಸುಮ್ನಿರಪ್ಪ, ನಂಗೇ ಏಳ್ಕೊಡಕ್ ಬತ್ತಾನೆ" ಎಂದು ಅವನು ಫೋನನ್ನೇ ಗದರಿ, ಅನುಮತಿ ಕೊಟ್ಟು ಮುಂದಕ್ಕೆ ಹೋಗುತ್ತಾನೆ. ನಿಂತವರು ನಗುತ್ತಾರೆ. ಅವನಿಗೂ ಆ ನಗು ಬೇಕು. ಕೆಟ್ಟ ಮನುಷ್ಯನಲ್ಲ ಬಿಡಿ. ಮದುವೆ ಕರೆಯೋಲೆ ಎಂದು ಬಂದ ಫೈಲನ್ನು ಒತ್ತಿ ಫೋನು ಕೆಡಿಸಿಕೊಂಡವರಿಗೆಲ್ಲ ಪುಕ್ಕಟೆ ಸರಿಮಾಡಿ, ಜೊತೆಗೆ ನಾಲ್ಕು ಬೈಗುಳವನ್ನೂ ಕೊಟ್ಟು ಕಳಿಸಿದವನು. ಅವನಿಗಿದ್ದ ರೋಗ ಒಂದೇ, ಕೈ ಬಲು ಚುರುಕು.

ಆ ಚುರುಕು ಕೈಗೆ ಒಂದು ರೂಢಿ ಬಿದ್ದುಬಿಟ್ಟಿತ್ತು. ಹೊರಗಿನ ಆ್ಯಪನ್ನು ಒಬ್ಬ ಮಾಡಿರುತ್ತಾನೆ, ಇನ್ನೊಬ್ಬ ತಿದ್ದಿ ಹೊಸದು ಎಂದು ಬಿಟ್ಟಿರುತ್ತಾನೆ. ಹೆಸರು ಅದೇ, ಚಿತ್ರ ಅದೇ, ಮಾಡಿದವನು ಒಳಗೆ ಒತ್ತಿದ ಮುದ್ರೆ ಮಾತ್ರ ಬೇರೆ. ಮುದ್ರೆ ಹೊಂದದಿದ್ದರೆ ಹಳೆಯದರ ಮೇಲೆ ಹೊಸದನ್ನು ಕೂರಿಸಲು ಫೋನು ಒಪ್ಪುವುದಿಲ್ಲ. ಮೋಹನ ಹಳೆಯದನ್ನು ಕಿತ್ತು ಹೊಸದನ್ನು ಹಾಕುತ್ತಾನೆ, ಅಷ್ಟೇ. ಕಿತ್ತಾಗ ಅದರೊಳಗೆ ಇದ್ದದ್ದೂ ಹೋಗುತ್ತದಲ್ಲ, ಅದಕ್ಕೇ ಮುಂಚೆ ಒಂದು ಮಾತು ಕೇಳುತ್ತಾನೆ: "ಫೋಟೋ ಗೀಟೋ ಏನಾರ ಬೇಕಾ?" ಇಷ್ಟು ವರ್ಷದಲ್ಲಿ ಜನ ಅವನ ಮುಂದೆ ಅತ್ತದ್ದೆಲ್ಲ ಫೋಟೋಗಳಿಗಾಗಿ. ಬೇರೇನನ್ನಾದರೂ ಕೇಳಬೇಕು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಲಕ್ಷ್ಮಿದೇವಮ್ಮ ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಹಳ್ಳಿಮೈಸೂರಿನ ಕಡೆಯ ಹೆಂಗಸು, ಶುಂಠಿ ಹೊಲಗಳಲ್ಲಿ ಕೂಲಿ ಮಾಡುವಾಕೆ, ವಯಸ್ಸು ಅರವತ್ತು ದಾಟಿತ್ತು. ಎಲೆಅಡಿಕೆ ಚೀಲದಿಂದ ಫೋನನ್ನು ತೆಗೆದು, ಸೆರಗಿನಲ್ಲಿ ಒರೆಸಿ ಅವನ ಮುಂದಿಟ್ಟಳು.

"ಈ ಮುಖ ಒತ್ತುದ್ರೆ ಮಾತು ಬತ್ತಿತ್ತು ಕಣಪ್ಪ. ನೆನ್ನೆಯಿಂದ ಏನೋ ಇಂಗ್ಲೀಸಲ್ಲಿ ಬಂದು ಅಡ್ಡ ನಿಂತ್ಕತೈತೆ. ವಸಿ ಸರಿ ಮಾಡ್ಕೊಡು."

ಮೋಹನ ನೋಡಿದ. ಮಾತುಗೂಡು ಎಂಬ ಆ್ಯಪು. ಅಕ್ಷರದ ಗೊಡವೆಯೇ ಇಲ್ಲ, ಬರೀ ದೊಡ್ಡ ದೊಡ್ಡ ಮುಖಗಳು. ಮುಖ ಒತ್ತಿದರೆ ಅವರು ಕಳಿಸಿದ ಮಾತು ಕೇಳುತ್ತದೆ. ಓದು ಬಾರದ ಮುದುಕರಿಗೆಂದು ಎಷ್ಟೋ ಫೋನುಗಳಿಗೆ ಅವನೇ ಹಾಕಿದ್ದ. ಈಗ ಹೊಸ ಆವೃತ್ತಿ ಹಾಕಿಕೊಳ್ಳಿ ಎಂಬ ಸೂಚನೆ ಬಂದು ಬಾಗಿಲಿಗೆ ಅಡ್ಡ ಕೂತಿತ್ತು.

"ಅಷ್ಟೇನಾ? ಎಲ್ಡು ನಿಮಿಸ ಕೂತ್ಕಳವ್ವ" ಎಂದು ವೈರು ಚುಚ್ಚಿದ. ಹೊಸ ಫೈಲು ಹೋಯಿತು, ಕೂರಲಿಲ್ಲ. ಮುದ್ರೆ ಬೇರೆ. ಬೆರಳು ಹಳೆಯದನ್ನು ಕೀಳಲು ಹೋಯಿತು, ಬಾಯಿ ರೂಢಿಯ ಮಾತು ಕೇಳಿತು.

"ಫೋಟೋ ಗೀಟೋ ಏನಾರ ಬೇಕೇನವ್ವ ಇದ್ರಲ್ಲಿರವು?"

"ಬ್ಯಾಡ ಕಣಪ್ಪ. ಫೋಟೋಗೆ ಕಟ್ಟಾಕ್ಸಿ ಗ್ವಾಡೆಗೆ ತಗಲಾಕಿವ್ನಿ."

ಎಂಥವರ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತಾರೆ ಎಂದು ಅವನು ಒಂದು ಗಳಿಗೆ ಯೋಚಿಸಿದ್ದರೂ ಸಾಕಿತ್ತು. ಅಯ್ಯೋ, ಯೋಚಿಸಲಿಲ್ಲ. ಒತ್ತಿದ, ಕಿತ್ತ, ಹೊಸದನ್ನು ಹಾಕಿದ. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತು. ತಗಳವ್ವ ಎಂದು ಫೋನು ಕೊಟ್ಟು ಮುಂದಿನವನ ಕಡೆ ತಿರುಗಿದ.

ಲಕ್ಷ್ಮಿದೇವಮ್ಮ ಅಲ್ಲೇ ನಿಂತಿದ್ದಳು. ಒತ್ತಿದಳು, ಕಿವಿಗಿಟ್ಟಳು, ಮತ್ತೆ ಒತ್ತಿದಳು.

"ನನ್ ಮಗಳ ಮುಖ ಎಲ್ಲಪ್ಪ?"

"ಅದಾ? ನಂಬರ್ ಕೊಡು, ಕೂರಿಸ್ಕೊಡ್ತೀನಿ. ಹಳೇ ಮಾತು ಓಗವೆ ಅಷ್ಟೇ. ಒಂದ್ ಫೋನ್ ಮಾಡಿ ಇನ್ನೊಂದ್ಸಲ ಕಳಿಸವ್ವ ಅನ್ನು ಮಗಳಿಗೆ."

"ಅವಳೆಲ್ಲಿಂದ ಕಳಿಸ್ತಾಳಪ್ಪ" ಎಂದಳು ಆಕೆ. ದನಿ ಏರಲಿಲ್ಲ. "ತೀರ್ಕಂಡು ಒಂದೊರ್ಸ ಆಯ್ತಲ್ಲ."

ಮೋಹನ ಕೈಯಲ್ಲಿದ್ದ ಮುಂದಿನವನ ಫೋನನ್ನು ಕೆಳಗಿಟ್ಟ. ಹಾಸನದಲ್ಲಿ ನರ್ಸು, ಡ್ಯೂಟಿ ಮುಗಿಸಿ ಸ್ಕೂಟರಿನಲ್ಲಿ ಬರುವಾಗ ಲಾರಿ, ಅವಳ ಫೋನೂ ಅವಳ ಜೊತೆಗೇ ಪುಡಿ, ಹೆಸರು ಯಶೋಧರಾ ಎಂದು ಆಕೆ ಹೇಳುತ್ತ ಹೋದಂತೆ, ಅವನ ಕಣ್ಣಮುಂದೆ ಒಂದು ಹಳದಿ ಹೆಲ್ಮೆಟ್ಟು ಬಂದು ನಿಂತಿತು. ನಾಲ್ಕು ವರ್ಷದ ಕೆಳಗೆ ಇದೇ ಹಲಗೆಯ ಮೇಲೆ ಹೆಲ್ಮೆಟ್ಟಿಟ್ಟು ಒಬ್ಬ ಹುಡುಗಿ ಹೇಳಿದ್ದಳು: "ನಮ್ಮವ್ವಂಗೆ ಓದಕ್ಕೆ ಬರಲ್ಲ ಅಣ್ಣ. ನಂದು ನೈಟ್ ಡ್ಯೂಟಿ. ನಾನು ಎದ್ದಿರೋವಾಗ ಅವ್ವ ಮಲಗಿರ್ತಾಳೆ, ಅವ್ವ ಎದ್ದಾಗ ನಾನು ಮಲಗಿರ್ತೀನಿ. ಒತ್ತಿದ್ರೆ ನನ್ ಮಾತು ಬರೋ ಥರ ಏನಾದ್ರೂ ಮಾಡ್ಕೊಡಿ." ಇವನು ಎದೆಯುಬ್ಬಿಸಿ, "ಪ್ಲೇ ಸ್ಟೋರೆಲ್ಲ ಉಡುಕಿದ್ರೂ ಸಿಗಲ್ಲಮ್ಮ, ನನ್ ಹತ್ರ ಮಾತ್ರ ಐತೆ" ಎಂದು ಇದೇ ಆ್ಯಪನ್ನು ಹಾಕಿಕೊಟ್ಟಿದ್ದ. ಮೊದಲ ಮಾತನ್ನು ಅವಳು ಇಲ್ಲೇ ನಿಂತು ಆಡಿದ್ದಳು. ಅದನ್ನೂ ಅವನು ಲಕ್ಷ್ಮಿದೇವಮ್ಮನಿಗೆ ಹೇಳಿದ.

"ಮೂರ್ ದಿನ ಟೈಮ್ ಕೊಡವ್ವ. ಎಂಗಾರ ಮಾಡಿ ತಗ್ದುಕೊಡ್ತೀನಿ" ಎಂದ. ಹೇಳುವಾಗಲೇ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು.

ಮಾರನೇ ದಿನ ಅಂಗಡಿ ತೆಗೆಯಲಿಲ್ಲ. ಫೋನು ಎದೆ ಜೇಬಿಗಿಟ್ಟುಕೊಂಡು ಹಾಸನದ ಬಸ್ಸು ಹತ್ತಿದ. ಅಲ್ಲಿ ನಟರಾಜ ಎಂಬ ಗೆಳೆಯ ಅಳಿಸಿಹೋದದ್ದನ್ನು ಹುಡುಕಿ ತೆಗೆಯುವ ಕೆಲಸ ಮಾಡುತ್ತಾನೆ. ಸಂಜೆಯವರೆಗೆ ನಟರಾಜನ ಕಂಪ್ಯೂಟರು ತಡಕಾಡಿತು. ಮೂರು ಆಟದ ಚಿತ್ರ ಸಿಕ್ಕಿತು, ಯಾವುದೋ ಗುಡ್ ಮಾರ್ನಿಂಗ್ ಹೂವು ಸಿಕ್ಕಿತು. ದನಿ ಒಂದೂ ಸಿಗಲಿಲ್ಲ.

"ಆ್ಯಪಿನ ಒಳಗೇ ಇಟ್ಕಂಡಿದ್ದು ಕಣ್ಲಾ, ಕಿತ್ತ ಮೇಲೆ ಮುಗೀತು" ಎಂದ ನಟರಾಜ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಪುಣ್ಯ ಬರುತ್ತಿತ್ತು. "ಅಲ್ಲ ಕಣೋ, ಆ ಸೂಚನೆ ನೆಟ್ಟಿಂದ ತಾನೇ ಬರೋದು? ನೆಟ್ ಆಫ್ ಮಾಡಿ ಒತ್ತಿದ್ರೆ ಅಳೇದೇ ಓಪನ್ ಆಗೋದಲ್ಲೋ. ಮಾತೆಲ್ಲ ಒಳಗೇ ಇದ್ವು."

ಒಂದು ಗುಂಡಿ. ನೆಟ್ ಆರಿಸುವ ಒಂದು ಗುಂಡಿ. ವಾಪಸ್ ಬರುವಾಗ ಮೋಹನ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಅತ್ತುಬಿಟ್ಟ. ಪಕ್ಕದಲ್ಲಿದ್ದ ಹೆಂಗಸು ಏನಾಯ್ತಪ್ಪ ಎಂದು ಕೇಳಿದ್ದಕ್ಕೆ, ಕಣ್ಣಿಗೆ ದೂಳು ಬಿತ್ತು ಎಂದ.

ಹೇಳಿದ ದಿನ ಲಕ್ಷ್ಮಿದೇವಮ್ಮ ಬಂದಳು. ಅವನ ಮುಖ ನೋಡಿಯೇ ಅವಳಿಗೆ ತಿಳಿದುಹೋಯಿತು.

"ಆಗ್ಲಿಲ್ಲ ಕಣವ್ವ. ನನ್ ತಪ್ಪು. ಬಯ್ಯಿ, ಒಡಿ, ಏನಾರ ಮಾಡು."

ನಿನ್ನ ಕೈ ಸೇದೋಗ ಎಂದು ಶಪಿಸಿದ್ದರೆ ಅವನಿಗೆ ಅರ್ಧ ಭಾರ ಇಳಿಯುತ್ತಿತ್ತು. ಆಕೆ ಅನ್ನಲಿಲ್ಲ. "ನೀನ್ ಕೇಳ್ದಲ್ಲಪ್ಪ, ಫೋಟೋ ಬೇಕಾ ಅಂತ. ನಾನೇ ಬ್ಯಾಡ ಅಂದೆ. ಮಾತೂ ಓಯ್ತದೆ ಅಂತ ನಂಗೇನ್ ಗೊತ್ತು" ಎಂದಳು. ಆಮೇಲೆ ಕೇಳಿದಳು: "ಅವಳು ಇಲ್ಲೇ ನಿಂತ್ಕಂಡು ಮಾತಾಡಿದ್ಲು ಅಂದ್ಯಲ್ಲ. ಅವಳ ದನಿ ನಿನ್ ಗ್ಯಾನದಲ್ಲೈತಾ?"

ಮೋಹನ ಕಣ್ಣು ಮುಚ್ಚಿದ. ಹೆಲ್ಮೆಟ್ಟು ಬಂತು, ಕೈಯಲ್ಲಿ ತಿರುಗುತ್ತಿದ್ದ ಕೀ ಬಂತು, ಮಾತುಗಳೂ ಬಂದವು. "ಅವ್ವ, ಕೇಳಿಸ್ತಾ? ನಾನು ಕಣವ್ವ. ಉಂಡ್ಯಾ? ಮಾತ್ರೆ ನುಂಗು. ಬಾನುವಾರ ಬತ್ತೀನಿ... ಇಂಗಂದ್ಲು ಕಣವ್ವ, ಆಮೇಲೆ ನಕ್ಕುಬುಟ್ಲು."

"ಊ ಕಣಪ್ಪ, ಅದೇ ಮೊದಲ್ನೇದು" ಎಂದು ಆಕೆ ತಲೆಯಾಡಿಸಿದಳು. "ಅಂತವು ಮೂವತ್ತೊಂಬತ್ತು ಇದ್ವು. ದಿನಾ ಒತ್ಕಂಡು ಕೇಳಿ, ಉಂಡೆ ಕಣವ್ವ, ನುಂಗ್ದೆ ಕಣವ್ವ ಅಂತಿದ್ದೆ. ಒಂದ್ ಮಾತೂ ಮರ್ತಿಲ್ಲ, ಎಲ್ಲ ಬಾಯಿಗ್ ಬತ್ತವೆ. ಆದ್ರೆ ನಾನ್ ಅಂದ್ಕಂಡ್ರೆ ನನ್ ದನೀಲೇ ಬತ್ತವೆ ಕಣಪ್ಪ. ಅವಳ ದನೀಲಿ ಬರಾಕಿಲ್ಲ."

ಎದ್ದು ಚೀಲ ಕಟ್ಟಿಕೊಂಡಳು. ಫೋನನ್ನು ಅವನು ಕೈಗಿತ್ತರೆ ತೆಗೆದುಕೊಳ್ಳಲಿಲ್ಲ. "ನೀನೇ ಮಡೀಕ. ನಂಗಿನ್ಯಾರು ಕಳಿಸ್ತಾರೆ" ಎಂದು ಹಳ್ಳಿಮೈಸೂರಿನ ಬಸ್ಸಿಗೆ ನಡೆದುಬಿಟ್ಟಳು.

ಆ ಫೋನು ಇನ್ನೂ ಮೋಹನನ ಹಲಗೆಯ ಮೇಲಿದೆ. ದಿನಾ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಅದನ್ನು ಚಾರ್ಜಿಗೆ ಹಾಕುತ್ತಾನೆ. ಯಾಕೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಫೋನುಗಳನ್ನು ಗದರಿ ನಗಿಸುವುದು ನಿಂತಿದೆ. ಯಾರೇ ಬರಲಿ, ಕೈ ಹಚ್ಚುವ ಮುಂಚೆ, "ಯಾರ್ದಾರ ದನಿ ಐತಾ ಇದ್ರಲ್ಲಿ?" ಎಂದು ಕೇಳುತ್ತಾನೆ. ಹುಡುಗರು, "ದನಿ ಏನಣ್ಣ ದನಿ, ಬೇಗ ಆಕ್ಕೊಡಿ, ಬಸ್ಸು ಓಯ್ತದೆ" ಎಂದು ನಗುತ್ತಾರೆ. ಮೋಹನ ಕೈ ಕಟ್ಟಿಕೊಂಡು, ಅವರು ಸರಿಯಾಗಿ ಯೋಚಿಸಿ ಹೇಳುವವರೆಗೆ ಕಾಯುತ್ತಾನೆ.