ಭಾನುವಾರ ಕಿತ್ತಿಟ್ಟ ವೈರು

ವೈರನ್ನು ಕಿತ್ತವನು ನಾನೇ. ತಪ್ಪು ಇಮ್ತಿಯಾಜನದೆಂದು ಪಾಂಡವಪುರದ ನಮ್ಮ ಬೀದಿಯವರೆಲ್ಲ ಐದು ವರ್ಷ ನಂಬಿದ್ದರು – ಮೇಷ್ಟ್ರು ಸುಳ್ಳು ಹೇಳುವುದಿಲ್ಲವೆಂದು. ಹೇಳಿದ್ದೆ.

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ವರ್ಷ ಟಿವಿಗೆ ಒಂದು ಕಂಪ್ಯೂಟರ್ ಜೋಡಿಸಿಕೊಂಡಿದ್ದೆ. ಬೇಕಾದ ಕಾರ್ಯಕ್ರಮವನ್ನು ಮೊದಲೇ ಗುರುತು ಹಾಕಿಟ್ಟರೆ, ನಾವು ಮನೆಯಲ್ಲಿಲ್ಲದಿದ್ದರೂ ಅದು ತಾನೇ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಅದನ್ನು ಕೂರಿಸಿಕೊಟ್ಟವನು ಬಸ್ ಸ್ಟ್ಯಾಂಡಿನ ಬಳಿ ರಿಪೇರಿ ಅಂಗಡಿ ಇಟ್ಟಿದ್ದ ಇಮ್ತಿಯಾಜ್. ಒಮ್ಮೆ ಎರಡು ರೆಕಾರ್ಡಿಂಗು ಅರ್ಧಕ್ಕೇ ನಿಂತವು. ಫೋನು ಮಾಡಿದೆ. 'ಅಂಗ್ಡೀಲ್ ಕುಂತೇ ನೋಡ್ತೀನಿ ಸಾ, ಆನ್ ಮಾಡಿಡಿ' ಎಂದ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡತೊಡಗಿತು. ಯಾರೋ ಕಾಣದವರು ನಮ್ಮ ನಡುಮನೆಯಲ್ಲಿ ಓಡಾಡಿದ ಹಾಗೆ.

ರಿಪೇರಿಯೇನೋ ಆಯಿತು. ನನ್ನ ತಲೆಯೊಳಗೆ ಮಾತ್ರ – ಕರೆಯದಿದ್ದಾಗಲೂ ಇವನು ಬಂದು ನೋಡುತ್ತಾನೆಯೆ? ಮಗಳ ಮದುವೆಯ ಫೋಟೋಗಳೂ ಅದರಲ್ಲೇ ಇದ್ದವು. ಅವನ ಹೆಸರು ಬೇರೆಯಾಗಿದ್ದರೆ ಇಷ್ಟು ಸುಲಭವಾಗಿ ಸಂಶಯ ಹುಟ್ಟುತ್ತಿತ್ತೆ? ಇಲ್ಲ. ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಬರೆಯುತ್ತೇನೆ – ಇಲ್ಲ.

ಆ ಕಾಲದಲ್ಲೇ ಕೆ.ಆರ್. ಪೇಟೆ ಕಡೆಯ ನನ್ನ ಹೆಂಡತಿ ಸಾವಿತ್ರಿಯ ತವರಿಗೆ ಒಂದು ಸಣ್ಣ ಚಾನೆಲ್ಲಿನವರು ಬಂದು ಸೋಬಾನೆ ಪದಗಳನ್ನು ಚಿತ್ರೀಕರಿಸಿಕೊಂಡು ಹೋದರು. ಮುಂದೆ ಕೂತು ಹೇಳಿಕೊಟ್ಟವರು ಅವಳ ದೊಡ್ಡವ್ವ, ಹಿಂದೆ ಸಾವಿತ್ರಿ ಮತ್ತು ಇನ್ನು ಮೂವರು. ಪ್ರಸಾರ ಭಾನುವಾರ ಹನ್ನೊಂದಕ್ಕೆ. ಅಂದೇ ನಾಗಮಂಗಲದಲ್ಲಿ ನೆಂಟರ ಮದುವೆ, ತಪ್ಪಿಸುವಂತಿರಲಿಲ್ಲ. ಇಮ್ತಿಯಾಜ್ ಹಿಂದಿನ ದಿನವೇ ಬಂದು ಎಲ್ಲ ಹೊಂದಿಸಿಟ್ಟ. 'ಟೈಮು ಇಂದ್‌ಮುಂದಾದ್ರೂ ನೆಟ್ಟಲ್ಲಿ ನೋಡ್ಕೊಂಡು ಅದೇ ಸರಿಮಾಡ್ಕೊತದೆ. ಆ ನೆಟ್ ವೈರೊಂದ ಮುಟ್ಬೇಡಿ ಸಾ' ಎಂದು ಹೋದ.

ಮುಟ್ಟಬೇಡಿ ಎಂದದ್ದೇ ಸಾಕಾಯಿತು. ಯಾಕೆ ಮುಟ್ಟಬಾರದು? ಅಂಗಡಿಯಿಂದ ಅವನು ಒಳಗೆ ಬರುವುದೂ ಆ ವೈರಿನಲ್ಲೇ ತಾನೆ? ಮನೆ ಖಾಲಿಯಿರುವ ದಿನ ಇವನಿಗೇನು ಕೆಲಸ? ಬೆಳಿಗ್ಗೆ ಸಾವಿತ್ರಿ ಸೀರೆ ಉಡುತ್ತಿದ್ದಾಗ ನಾನು ಆ ವೈರನ್ನು ಕಿತ್ತಿಟ್ಟೆ.

ಸಂಜೆ ಬಂದವನೇ, ಅವಳು ಕಾಲು ತೊಳೆಯಲು ಹೋದಾಗ, ಮತ್ತೆ ಸಿಕ್ಕಿಸಿದೆ. ಟಿವಿ ಮುಂದೆ ಕೂತೆವು. ಬಂದದ್ದು ಯಾರೋ ಜ್ಯೋತಿಷಿಯ ಮಾತು. ಅಂದು ಕಾರ್ಯಕ್ರಮವನ್ನು ಹನ್ನೆರಡಕ್ಕೆ ಬದಲಿಸಿದ್ದರಂತೆ. ನೆಟ್ಟಿಲ್ಲದ ಯಂತ್ರಕ್ಕೆ ಅದು ತಿಳಿಯುವುದು ಹೇಗೆ?

ಇಮ್ತಿಯಾಜ್ ಮಾರನೆಯ ದಿನ ಬಂದ. ಬಹಳ ಹೊತ್ತು ಪರದೆ ನೋಡಿ ಕೇಳಿದ: 'ವೈರ್ ಯಾರಾದ್ರೂ ತಗ್ದಿದ್ರಾ ಸಾ?'

ಸಾವಿತ್ರಿ ಬಾಗಿಲಲ್ಲಿ ನಿಂತಿದ್ದಳು. 'ಇಲ್ಲ' ಎಂದೆ.

ಅವನು ನನ್ನ ಮುಖವನ್ನೊಮ್ಮೆ ನೋಡಿದ. 'ಅಂಗಾದ್ರೆ ನಂದೇ ಎಲ್ಲೋ ತಪ್ಪಾಗದೆ ಕಣಮ್ಮ' ಎಂದು ಅವಳಿಗೆ ಹೇಳಿ ಹೊರಟುಹೋದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹೋಟೆಲ್ಲಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ – ಅವನಿಗೆ ಕೆಲಸ ಬಾರದು, ಬಂದರೂ ನಂಬುವ ಹಾಗಿಲ್ಲ, ಅಂಗಡಿಯಲ್ಲಿ ಕೂತು ಮನೆಮನೆಯೊಳಗೆ ಇಣುಕುತ್ತಾನೆ ಎಂದೆ. ಕರೆಯುವವರು ಕಡಿಮೆಯಾದರು. ವರ್ಷದೊಳಗೆ ಅಂಗಡಿ ಮುಚ್ಚಿ ಶ್ರೀರಂಗಪಟ್ಟಣಕ್ಕೆ ಹೋದ. ದೊಡ್ಡವ್ವ ಅಷ್ಟರಲ್ಲಿ ತೀರಿಕೊಂಡಿದ್ದರು. ಚಾನೆಲ್ಲಿನವರ ಬಳಿ ಆ ಚಿತ್ರ ಉಳಿದಿರಲಿಲ್ಲ.

ಹೋದ ತಿಂಗಳು ಸಾವಿತ್ರಿ ಅಡುಗೆಮನೆಯಲ್ಲಿ ದೊಡ್ಡವ್ವನ ಒಂದು ಪದ ಗುನುಗುತ್ತ ನಡುವೆ ನಿಂತಳು. ಮುಂದಿನ ಸಾಲು ನೆನಪಾಗಲಿಲ್ಲ. ಮತ್ತೆ ಮೊದಲಿಂದ ಹೇಳಿ ಮತ್ತೆ ಅಲ್ಲೇ ನಿಂತಳು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅವಳು ಒಲೆ ಆರಿಸಿದಳು. 'ದೊಡ್ಡವ್ವನ್ ದನಿ ಓಯ್ತು, ನಾನ್ ಅತ್ಕೊತೀನಿ, ಸುಮ್ನಾಯ್ತೀನಿ. ಆ ಮನ್ಸನ್ ಎಸ್ರು ಕೆಡಿಸ್ಬುಟ್ರಲ್ಲ' ಎಂದಳು.

ಮೂರನೆಯ ದಿನ ಮೊದಲು ಹೋಟೆಲ್ಲಿಗೆ ಹೋಗಿ, ಇದ್ದವರೆದುರು ಇದ್ದದ್ದನ್ನು ಹೇಳಿದೆ. 'ಅಳೇ ಕತೆ, ಬುಡಿ ಮೇಷ್ಟ್ರೇ' ಎಂದು ಒಬ್ಬರು ನಕ್ಕರು. ಅಲ್ಲಿಂದ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ.

ಇಮ್ತಿಯಾಜ್ ಇನ್ನೊಬ್ಬರ ಅಂಗಡಿಯ ಮೂಲೆಯಲ್ಲಿ ಕೂತು ಮೊಬೈಲು ಬಿಚ್ಚುತ್ತಿದ್ದ. ತಲೆ ನರೆತಿತ್ತು. ನಾನು ನಿಂತೇ ಹೇಳಿದೆ. ಅವನು ಕೊನೆಯವರೆಗೂ ಕೇಳಿದ.

'ಗೊತ್ತಿತ್ತು ಸಾ. ಬೆಳಗಿಂದ ಸಂಜೆಗಂಟ ನೆಟ್ಟಿರ್ನಿಲ್ಲ ಅಂತ ಕಂಪ್ಯೂಟ್ರಲ್ಲೇ ಬರ್ಕಂಡಿತ್ತು.'

'ಮತ್ತೆ ಅವತ್ತು ಯಾಕೆ ಹೇಳಲಿಲ್ಲ?'

ಅವನು ಕೈಲಿದ್ದ ಮೊಬೈಲನ್ನು ಕೆಳಗಿಟ್ಟ. 'ನೀವು ಇಲ್ಲ ಅಂದ್ಮೇಕೆ, ನಾನು ಔದು ಅಂದಿದ್ರೆ ಯಾರ್ ನಂಬೋರು ಸಾ?'

ಉತ್ತರ ನನಗೆ ಗೊತ್ತಿತ್ತು.